ನಾಲ್ಕು ಇಂಚಿನ ಹಸಿರು ವೈರು: ಇಂಧನ ಸಚಿವರಿಗೆ ಒಬ್ಬ ಬಾಡಿಗೆದಾರಳ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಇಂಧನ ಸಚಿವರಿಗೆ,

ನಮಸ್ಕಾರಗಳು.

ನಾನು ಒಂದು ಜಿಲ್ಲಾ ಕೇಂದ್ರದಲ್ಲಿ ಬಾಡಿಗೆ ಮನೆಯಲ್ಲಿರುವವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಮದುವೆಯಾಗಿ 17 ವರ್ಷ ಆಯಿತು, ಈಗಿರುವುದು ಆರನೇ ಮನೆ. ಆರು ಮನೆಗಳಲ್ಲೂ ತಿಂಗಳಿಗೊಮ್ಮೆ ತಪ್ಪದೆ ಮೀಟರ್ ರೀಡರ್ ಬಂದಿದ್ದಾರೆ. ಮೀಟರಿನಿಂದ ಒಳಗೆ ಹೋಗುವ ವೈರು ಹೇಗಿದೆ ಅಂತ ನೋಡಲು ಮಾತ್ರ ಈ 17 ವರ್ಷದಲ್ಲಿ ಯಾರೂ ಬಂದಿಲ್ಲ. ಅದನ್ನು ನೋಡಬೇಕಾದವರು ಯಾರು ಅಂತ ಕೇಳಲು ಈ ಪತ್ರ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ, ಆರೂವರೆ ಇರಬಹುದು. ಸ್ನಾನಕ್ಕೆ ಹೋದ ನಮ್ಮ ಅತ್ತೆ ಬಿಸಿನೀರಿನ ನಲ್ಲಿ ಹಿಡಿದ ಕೂಡಲೇ ಕೂಗಿಕೊಂಡರು. ಹಿಂದೆಯೇ ದಡ್ ಅಂತ ಬಿದ್ದ ಸದ್ದು. ನಮ್ಮವರು ಓಡಿಹೋಗಿ ಮೇನ್ ಸ್ವಿಚ್ ಆರಿಸಿದರು, ನಾನು ಬಾಗಿಲು ತಳ್ಳಿದೆ. ಒದ್ದೆ ನೆಲದ ಮೇಲೆ ಬಿದ್ದಿದ್ದರು. ಗೀಸರಿನ ಕರೆಂಟು ನಲ್ಲಿಗೆ ಬಂದಿತ್ತು. ಕೈ ಅಲ್ಲೇ ಹಿಡಿದುಕೊಳ್ಳದೆ ಹಿಂದಕ್ಕೆ ಎಸೆದದ್ದೇ ಪುಣ್ಯ. ಬಲಗೈ ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಕೂತರು.

ಇದು ದಿಢೀರ್ ಅಂತ ಆದದ್ದಲ್ಲ. ಅದಕ್ಕೆ ಎಂಟು ತಿಂಗಳು ಮೊದಲಿನಿಂದಲೇ ವಾಷಿಂಗ್ ಮಷಿನ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಕೆಳಗಿನ ಮನೆಯಲ್ಲೇ ಇರುವ ಓನರ್ ಅಂಕಲ್‌ಗೆ ಹೇಳಿದ್ದೆ. "ಚಪ್ಪಲಿ ಹಾಕ್ಕೊಂಡು ಬಟ್ಟೆ ಹಾಕಮ್ಮ, ಏನೂ ಆಗಲ್ಲ" ಅಂದಿದ್ದರು. ನಾವೂ ಹಾಗೇ ಮಾಡಿದೆವು. ಮಷಿನ್ ಪಕ್ಕ ಒಂದು ಜೊತೆ ರಬ್ಬರ್ ಚಪ್ಪಲಿ ಕಾಯಂ ಆಗಿ ಬಿದ್ದಿರುತ್ತಿತ್ತು. ಬಂದ ನೆಂಟರಿಗೂ ಅದೇ ಬುದ್ಧಿ ಹೇಳುತ್ತಿದ್ದೆ. ತಪ್ಪು ನಮ್ಮದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಶಾಕ್ ಹೊಡೆಯುವ ಮಷಿನ್ನಿಗೆ ಚಪ್ಪಲಿಯೇ ಔಷಧಿ ಅಂತ ನಂಬಿಕೊಂಡ ಮನೆ ಊರಲ್ಲಿ ನಮ್ಮದೊಂದೇ ಅಲ್ಲ. ಬೇಕಿದ್ದರೆ ನಿಮ್ಮ ಕಚೇರಿಯಲ್ಲೇ ನಾಲ್ಕು ಜನರನ್ನು ಕೇಳಿ ನೋಡಿ.

ಅವತ್ತೇ ಒಬ್ಬ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆವು. ಅವನು ಗೀಸರಿನ ಸಾಕೆಟ್ ಬಿಚ್ಚಿದ. ಮೂರನೇ ಪಿನ್ನಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತ್ ಪಿನ್ನಿಗೆ, ಹಸಿರು ವೈರು ನೀಟಾಗಿ ಸ್ಕ್ರೂ ಆಗಿತ್ತು. ಅವನು ಅದನ್ನು ಮೆಲ್ಲಗೆ ಎಳೆದ. ಪೈಪಿನೊಳಗಿಂದ ಪೂರ್ತಿ ಕೈಗೆ ಬಂದೇಬಿಟ್ಟಿತು. ನಾಲ್ಕು ಇಂಚು, ಅಷ್ಟೇ. ಆಚೆ ತುದಿ ಯಾವುದಕ್ಕೂ ಸೇರಿರಲಿಲ್ಲ. "ಇದು ಶೋಗೆ ಮೇಡಂ" ಅಂದ. ಪರಿಹಾರವನ್ನೂ ಅವನೇ ಮಾಡಿದ. ಒಂದು ತುಂಡು ವೈರು ತೆಗೆದು, ಕರೆಂಟು ವಾಪಸ್ ಹೋಗುವ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಲೂಪ್ ಹಾಕಿದ. ಐದು ನಿಮಿಷದ ಕೆಲಸ, 200 ರೂಪಾಯಿ.

ಮಾರನೇ ದಿನ ನಮ್ಮವರಿಗೆ ಗೊತ್ತಿರುವ ಒಬ್ಬರು ಅತ್ತೆಯನ್ನು ನೋಡಲು ಬಂದರು. ಐಟಿಐನಲ್ಲಿ ಪಾಠ ಹೇಳಿ ರಿಟೈರ್ ಆದವರು. ಈ ಲೂಪ್ ವಿಷಯ ಕೇಳಿದ್ದೇ ತಡ, ಕಾಫಿ ಲೋಟ ಕೆಳಗಿಟ್ಟು ಎದ್ದರು. ಮೊದಲು ಅದನ್ನು ಕಿತ್ತು ಹಾಕಿ ಆಮೇಲೆ ಮಾತಾಡಿದರು. ನ್ಯೂಟ್ರಲ್ ಎಲ್ಲಾದರೂ ಒಂದು ಕಡೆ ಸಡಿಲವಾದರೆ ಸಾಕಂತೆ. ಆ ಲೂಪ್ ಮೂಲಕ ಕರೆಂಟು ಸೀದಾ ಗೀಸರಿನ ಮೈಗೆ ಬರುತ್ತದೆ. ಮೊದಲು ಸೋರಿ ಬರುತ್ತಿದ್ದದ್ದು ಆಗ ಪೂರ್ತಿ 230 ವೋಲ್ಟ್ ಆಗಿ ಕೂರುತ್ತದೆ. 200 ರೂಪಾಯಿ ಕೊಟ್ಟು ನಾವು ಕೊಂಡದ್ದು ಇದನ್ನು.

ಅವರೇ ಓನರ್ ಅಂಕಲ್ ಜೊತೆ ಕೂತು ಈ ಮನೆಯ ಅರ್ತ್ ಎಲ್ಲಿ ಕಳೆದುಹೋಯಿತು ಅಂತ ಹುಡುಕಿದರು. ಸ್ವಾಮಿ, ನೀವು ಗಮನ ಕೊಡಬೇಕಾದ ಭಾಗ ಇದೇ. ಕೆಳಗಿನ ಮನೆ ಕಟ್ಟಿದ್ದು 2004ರಲ್ಲಿ. ಆಗ ಎಲ್ಲವೂ ಸರಿಯಾಗಿಯೇ ಇತ್ತು. ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ವೈರಿಂಗ್ ಮಾಡಿ, ಟೆಸ್ಟ್ ರಿಪೋರ್ಟ್ ಕೊಟ್ಟು, ಅದರ ಮೇಲೆಯೇ ಸಂಪರ್ಕ ಸಿಕ್ಕಿತ್ತು. ಪೋರ್ಟಿಕೋ ಮೂಲೆಯಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಉಪ್ಪು ಇದ್ದಿಲು ತುಂಬಿದ್ದರು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿದ್ದುದು ಅಂಕಲ್ಲಿಗೇ ನೆನಪಿದೆ. 2013ರಲ್ಲಿ ನಾವಿರುವ ಮೇಲಿನ ಮನೆ ಕಟ್ಟಿಸಿದರು. ಆಗ ಬಂದ ವೈರಿಂಗಿನವನು ಕರೆಂಟು ತರುವ ಫೇಸು, ನ್ಯೂಟ್ರಲ್ಲು ಎರಡನ್ನೇ ಮೇಲಕ್ಕೆ ಎಳೆದ. ಹಸಿರು ವೈರಿನ ತುಂಡುಗಳನ್ನು ಸಾಕೆಟ್ಟಿನಲ್ಲಿ ಅಂಟಿಸಿ ಹೋದ. 2016ರಲ್ಲಿ ಪೋರ್ಟಿಕೋಗೆ ಟೈಲ್ಸ್ ಹಾಕಿಸಿದರು. ಅರ್ತ್ ಗುಂಡಿಯಿಂದ ಗೋಡೆಗೆ ಬರುತ್ತಿದ್ದ ಕಬ್ಬಿಣದ ಪಟ್ಟಿ ಅಡ್ಡ ಬಂತು ಅಂತ ಟೈಲ್ಸಿನವನು ಗ್ರೈಂಡರಿನಲ್ಲಿ ಕತ್ತರಿಸಿ, ಗುಂಡಿಯ ಮೇಲೂ ಟೈಲ್ಸ್ ಹಾಸಿಬಿಟ್ಟ.

ಅಂದರೆ ಅವತ್ತಿನಿಂದ ಅಂಕಲ್ಲಿನ ಸ್ವಂತ ಮನೆಗೂ ಅರ್ತ್ ಇರಲಿಲ್ಲ. ಅವರ ಮೊಮ್ಮಗಳು ಸ್ನಾನ ಮಾಡುತ್ತಿದ್ದುದು ಅದೇ ಸ್ಥಿತಿಯ ಇನ್ನೊಂದು ಗೀಸರಿನ ನೀರಲ್ಲಿ. ಅವರು ಮೆಟ್ಟಿಲ ಮೇಲೆ ಕೂತವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಎರಡೂ ಮನೆಗೆ ಮಾಡಿಸಿಬಿಡಿ" ಅಂದರು. ಹೊಸ ಅರ್ತ್ ಗುಂಡಿ, ಮೇಲಿನವರೆಗೆ ಹಸಿರು ವೈರು, ಕರೆಂಟು ಸೋರಿದರೆ ತಾನೇ ಕಟ್ ಮಾಡುವ ಎರಡು ಆರ್‌ಸಿಸಿಬಿ, ಕೂಲಿ ಎಲ್ಲಾ ಸೇರಿ ಹದಿನಾಲ್ಕು ಸಾವಿರ ಚಿಲ್ಲರೆ ಆಯಿತು. ಪೂರ್ತಿ ಅವರೇ ಕೊಟ್ಟರು. ಮುಂದಿನ ಅಗ್ರಿಮೆಂಟಿನಲ್ಲಿ ಬಾಡಿಗೆ ಸಾವಿರ ಜಾಸ್ತಿ ಆಯಿತು, ಅದು ಬೇರೆ ಮಾತು.

ಅಂಕಲ್ ಕೆಟ್ಟವರಲ್ಲ ಅಂತ ಹೇಳಲೆಂದೇ ಇಷ್ಟು ಬರೆದೆ. ಅವರು ದುಡ್ಡು ಉಳಿಸಲು ನಮ್ಮ ಜೀವ ಪಣಕ್ಕಿಟ್ಟವರಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. 2004ರ ಕಾಗದ ಯಾವುದೋ ಫೈಲಿನಲ್ಲಿ ಭದ್ರವಾಗಿತ್ತು. ಈ ಕಡೆ ಮನೆ ಬೆಳೆಯಿತು, ಒಡೆಯಿತು, ಟೈಲ್ಸ್ ಹಾಕಿಸಿಕೊಂಡಿತು. ಇನ್ನೊಮ್ಮೆ ಯಾರೂ ನೋಡಲಿಲ್ಲ.

ಗುಣವಾದ ಮೇಲೆ ಅತ್ತೆಯೇ ಒತ್ತಾಯ ಮಾಡಿದರು, ದೂರು ಕೊಡು ಅಂತ. ನಮಗೆ ಕರೆಂಟು ಕೊಡುವ ಕಂಪನಿಯ ಕಚೇರಿಗೆ ಹೋದೆ. "ಮೀಟರ್ ತನಕ ನಮ್ಮದು, ಅಲ್ಲಿಂದ ಆಚೆ ನಿಮ್ಮದು" ಅಂದರು. ನಮ್ಮದು ಅಂದರೆ ಯಾರದ್ದು? ಗೋಡೆ ಓನರದ್ದು. ಗೋಡೆಗೆ ಮೊಳೆ ಹೊಡೆಯಲೂ ನನಗೆ ಅನುಮತಿ ಇಲ್ಲ, ಅಗ್ರಿಮೆಂಟಿನಲ್ಲೇ ಬರೆದಿದೆ. ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಡೆತ್ ಆಗಿದೆಯಾ?" ಇಲ್ಲ, ಕೈ ಮುರಿದಿದೆ ಅಂದೆ. "ರಿಪೇರಿ ಆಯ್ತಲ್ಲ, ಮತ್ತೇನು?" ಅಂದರು. ಕೇಳಿದವರು ಒರಟಾಗಿ ಮಾತಾಡಲಿಲ್ಲ. ನಿಜಕ್ಕೂ ಅವರಿಗೆ ಮತ್ತೇನು ಮಾಡಬೇಕು ಅಂತ ತೋಚಲಿಲ್ಲ, ಅಷ್ಟೆ.

ಕಾನೂನಿನಲ್ಲಿ ಏನೂ ಇಲ್ಲವೇ ಅಂದರೆ ಇದೆ. 2003ರ ವಿದ್ಯುತ್ ಕಾಯ್ದೆಯ 53ನೇ ಸೆಕ್ಷನ್ ಸುರಕ್ಷತೆಯ ಬಗ್ಗೆಯೇ ಇದೆ. 161 ಅಪಘಾತವಾದರೆ ತಿಳಿಸುವುದಕ್ಕೆ, ತನಿಖೆಗೆ. 162ರ ಪ್ರಕಾರ ಮುಖ್ಯ ವಿದ್ಯುತ್ ಪರಿವೀಕ್ಷಕರು, ವಿದ್ಯುತ್ ಪರಿವೀಕ್ಷಕರು ಇದ್ದಾರೆ. ಅವರ ಇಲಾಖೆ ನಿಮ್ಮ ಕೈಕೆಳಗೇ ಇದೆ. ಆ ಇಲಾಖೆಯವರು ಲಿಫ್ಟ್ ನೋಡುತ್ತಾರೆ. 15 ಮೀಟರಿಗಿಂತ ಎತ್ತರದ ಕಟ್ಟಡಕ್ಕೆ ಕರೆಂಟು ಕೊಡುವ ಮೊದಲು ಹೋಗಿ ಪರೀಕ್ಷೆ ಮಾಡುತ್ತಾರೆ. ನಮ್ಮಂಥ ಮಾಮೂಲಿ ಮನೆಯ ವಿಷಯದಲ್ಲಿ ಮಾತ್ರ ಮಾಲೀಕನೇ ನೋಡಿಸಿಕೊಂಡು ಸರಿ ಇದೆ ಅಂತ ತಾನೇ ಬರೆದುಕೊಳ್ಳಬೇಕು. ಹಾಗೆ ಬರೆದುಕೊಂಡ ಒಬ್ಬ ಮಾಲೀಕರನ್ನೂ ನಾನು ಕಂಡಿಲ್ಲ. ಅಂಥದೊಂದು ಇದೆ ಅಂತ ಗೊತ್ತಿದ್ದವರನ್ನೂ ಕಂಡಿಲ್ಲ.

2023ರ ನವೆಂಬರಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಹತ್ತಿರ ಹೋಪ್ ಫಾರ್ಮ್ ಬಳಿ ಫುಟ್‌ಪಾತಿನಲ್ಲಿ ತುಂಡಾಗಿ ಬಿದ್ದಿದ್ದ ವೈರು ತುಳಿದು ಒಬ್ಬ ತಾಯಿ, ಒಂಬತ್ತು ತಿಂಗಳ ಮಗು ಹೋಗಿಬಿಟ್ಟರು. ರಾಜ್ಯವೇ ಮರುಗಿತು. ಅಧಿಕಾರಿಗಳು ಸಸ್ಪೆಂಡ್ ಆದರು. ಆಗಬೇಕಾದ್ದೇ. ಅದೇ ಕರೆಂಟು ಬಚ್ಚಲಲ್ಲಿ ಯಾರನ್ನಾದರೂ ಕೊಂದರೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. "ಹೀಟರ್ ಹಾಕುವಾಗ ಶಾಕ್, ಮಹಿಳೆ ಸಾವು." ಆಯಸ್ಸು ಅಷ್ಟೇ ಇತ್ತು ಅಂತ ನೆಂಟರು ಎದ್ದು ಹೋಗುತ್ತಾರೆ. ಕರೆಂಟು ತಗುಲಿ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ ಅಂತ ಸರ್ಕಾರದ ಲೆಕ್ಕವೇ ಹೇಳುತ್ತದೆ. ಅವರೆಲ್ಲ ಬೀದಿಯಲ್ಲಿ ಸತ್ತವರಲ್ಲ.

"ನಮ್ಮ ಮನೇಲಿ ಎಂಸಿಬಿ ಇದೆ, ಏನೂ ಆಗಲ್ಲ" ಅನ್ನುವವರು ತುಂಬಾ ಜನ. ನಾನೂ ಹಾಗೇ ತಿಳಿದಿದ್ದೆ. ಅವತ್ತು ನಮ್ಮ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, ಬೀಳಲೇ ಇಲ್ಲ. ಯಾಕೆ ಅಂತ ಆ ಐಟಿಐ ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದರು. ಎಂಸಿಬಿ ಇರುವುದು ವೈರು ಸುಡದಂತೆ ನೋಡಿಕೊಳ್ಳಲು. ಗೀಸರಿನ ಎಂಸಿಬಿ 16 ಆಂಪಿಯರಿನದು. ಮನುಷ್ಯನ ಎದೆಬಡಿತ ಕೆಡಿಸಲು ಅಷ್ಟೆಲ್ಲ ಬೇಡ, ಅದರ ಐನೂರನೇ ಒಂದು ಪಾಲಿನ ಆಸುಪಾಸು ಸಾಕು. ಅಷ್ಟು ಸಣ್ಣ ಸೋರಿಕೆ ಎಂಸಿಬಿಯ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಹಿಡಿಯಲು ಆರ್‌ಸಿಸಿಬಿ ಬೇಕು. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬರುವಷ್ಟರಲ್ಲೇ ಕಟ್ ಮಾಡುತ್ತದೆ. ನಮ್ಮಲ್ಲಿ ಅದನ್ನು ಹಾಕಿದ ದಿನ ಅತ್ತೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿದರು. ಟಕ್ ಅಂತ ಮನೆಯೆಲ್ಲ ಕತ್ತಲಾಯಿತು. ಈಗ ತಿಂಗಳಿಗೊಮ್ಮೆ ಒತ್ತುವ ಕೆಲಸ ಅವರದ್ದೇ.

ಆರ್‌ಸಿಸಿಬಿ ಮನೆಗಳಿಗೆ ಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಇದೆ. ಆದರೆ ಲೋಡ್ 2 ಕಿಲೋವ್ಯಾಟಿಗಿಂತ ಕಡಿಮೆ ಇರುವ ಮನೆಗಳಿಗೆ ವಿನಾಯಿತಿ. ಈ ವಿನಾಯಿತಿ ಯಾರಿಗೆ ಸಿಕ್ಕಿದೆ ನೋಡಿ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಮನೆಗಳಿಗೆ. ವಠಾರದ ಒಂದು ರೂಮಿನ ಮನೆಗೆ, ಶೀಟಿನ ಮನೆಗೆ. ಬಕೆಟ್ಟಿನಲ್ಲಿ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುವವರು ಇರುವುದು ಇಂಥ ಮನೆಗಳಲ್ಲೇ. ಒದ್ದೆ ಗೋಡೆ, ಸೆಲ್ಲೋಟೇಪ್ ಸುತ್ತಿದ ವೈರು, ಪಿನ್ ಇಲ್ಲದೆ ಬರೀ ವೈರನ್ನೇ ಬೆಂಕಿಕಡ್ಡಿ ಒತ್ತಿ ಸಾಕೆಟ್ಟಿಗೆ ಸಿಕ್ಕಿಸುವುದು, ಇದೆಲ್ಲ ಇರುವುದೂ ಅಲ್ಲೇ. ಜಾಸ್ತಿ ಬೇಕಾದವರನ್ನೇ ಬಿಟ್ಟ ಹಾಗಾಯಿತು, ಅಲ್ವಾ?

ಇನ್ನು ಸರ್ಕಾರ ಮನೆ ಮನೆಗೆ ಹೋಗಿ ಯಾರು ಬಾಡಿಗೆಗಿದ್ದಾರೆ, ಯಾರು ಸ್ವಂತಕ್ಕಿದ್ದಾರೆ ಅಂತ ಪತ್ತೆ ಮಾಡುವುದು ಕಷ್ಟ ಅಂತ ಯಾರಾದರೂ ಹೇಳಬಹುದು. 2023ರಲ್ಲಿ ಗೃಹಜ್ಯೋತಿಗೆ ನಾನೇ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿದ್ದೇನೆ. ಆಧಾರ್ ಕೇಳಿದಿರಿ, ಆರ್‌ಆರ್ ನಂಬರ್ ಕೇಳಿದಿರಿ, ಮಾಲೀಕರಾ ಬಾಡಿಗೆದಾರರಾ ಅಂತಲೂ ಕೇಳಿದಿರಿ. ಮನೆ ಬದಲಾಯಿಸುವವರಿಗೆ ಹಳೆ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸುವ ವ್ಯವಸ್ಥೆಯನ್ನೂ ಮಾಡಿದಿರಿ. ಅಂದರೆ ಯಾವ ಮನೆಯಲ್ಲಿ ಬಾಡಿಗೆದಾರರಿದ್ದಾರೆ, ಅವರು ಯಾವಾಗ ಬಿಟ್ಟರು ಅನ್ನುವುದು ನಿಮ್ಮ ಕಂಪ್ಯೂಟರಿನಲ್ಲೇ ಇದೆ. 200 ಯೂನಿಟ್‌ವರೆಗೆ ಉಚಿತ ಕೊಟ್ಟದ್ದಕ್ಕೆ ನಿಜವಾಗಿ ಕೃತಜ್ಞತೆ ಇದೆ. ನನ್ನ ಹೊಲಿಗೆ ಮಷಿನ್ ಓಡುವುದೇ ಅದರಲ್ಲಿ. ಆ 200 ಯೂನಿಟ್ ಯಾವ ವೈರಿನಲ್ಲಿ ಮನೆಯೊಳಗೆ ಬರುತ್ತಿದೆ ಅಂತ ಒಮ್ಮೆ ನೋಡಿ ಅನ್ನುವುದಷ್ಟೇ ಕೋರಿಕೆ.

ನನ್ನ ಮೊದಲ ಬೇಡಿಕೆ ಇದು. ಬಾಡಿಗೆಗೆ ಕೊಡುವ ಪ್ರತಿ ಮನೆಗೂ ಐದು ವರ್ಷದೊಳಗಿನ ವೈರಿಂಗ್ ಪರೀಕ್ಷೆಯ ಹಾಳೆ ಇರಬೇಕು. ಅದರ ಒಂದು ಪ್ರತಿ ಅಗ್ರಿಮೆಂಟ್ ಜೊತೆಗೆ ಬಾಡಿಗೆದಾರರ ಕೈಗೆ ಬರಬೇಕು. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ನಮ್ಮ ಕಡೆ ರೂಢಿ. ಇದುವರೆಗೆ ಬಿಟ್ಟ ಐದು ಮನೆಯಲ್ಲೂ ನಾವು ಕೊಟ್ಟಿದ್ದೇವೆ. ಗೋಡೆಗೆ ಬಣ್ಣ ಬಳಿಯುವ ಆ ಎರಡು ಮೂರು ದಿನ ಮನೆ ಖಾಲಿ ಇರುತ್ತದೆ. ಸ್ವಿಚ್‌ಬೋರ್ಡ್ ಬಿಚ್ಚಲು, ವೈರಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಚ್ಚಲು, ಅರ್ತ್ ಅಳೆಯಲು ಅದಕ್ಕಿಂತ ಒಳ್ಳೆ ಸಮಯ ಬೇಡ. ಅರ್ಧ ದಿನ ಸಾಕು ಅಂತ ಮೇಷ್ಟ್ರೇ ಹೇಳಿದರು.

ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಮನೆ ಸೇರುವಾಗ ಕೀಲಿಯ ಜೊತೆ ಅವನಿಗೆ ಇಂಥದೇ ರಿಪೋರ್ಟ್ ಕೊಟ್ಟರಂತೆ. ಅಲ್ಲಿ 2020ರಿಂದ ಖಾಸಗಿ ಬಾಡಿಗೆ ಮನೆಗಳಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ. ಓನರ್ ತಪ್ಪಿಸಿದರೆ 30,000 ಪೌಂಡಿನವರೆಗೆ ದಂಡ ಅಂತ ಅವತ್ತು ನಿಯಮ ಮಾಡಿದರು. ಸ್ವಂತ ಮನೆಗಳಿಗೆ ಅಲ್ಲೂ ಕಡ್ಡಾಯವಿಲ್ಲ, ಹತ್ತು ವರ್ಷಕ್ಕೊಮ್ಮೆ ಮಾಡಿಸಿ ಅಂತ ಸಲಹೆ ಮಾತ್ರ. ನಮಗೆ ಅವರ ದಂಡ ಬೇಡ. ಹೆದರಿಸಿದರೆ ಓನರುಗಳು ಅದನ್ನೂ ಬಾಡಿಗೆಗೆ ಸೇರಿಸುತ್ತಾರೆ. ಆದರೆ ಆ ರಿಪೋರ್ಟ್ ಬಾಡಿಗೆದಾರನ ಕೈಗೆ ಬರುತ್ತದಲ್ಲ, ಅದನ್ನು ಮಾತ್ರ ತಗೊಳ್ಳಿ.

ಸ್ವಂತ ಮನೆಗಳಿಗೆ ನನ್ನ ಸಲಹೆ ಬೇರೆ. ಒಂದು ಮಹಡಿ ಏರಿಸಿದಾಗ, ಲೋಡ್ ಹೆಚ್ಚಿಸಲು ಅರ್ಜಿ ಹಾಕಿದಾಗ, ಮೀಟರ್ ಬದಲಾಯಿಸಿದಾಗ, ಮನೆ ಮಾರಿ ಹೆಸರು ಬದಲಾದಾಗ ಪರೀಕ್ಷೆ ಆಗಲಿ. ಇವುಗಳಲ್ಲಿ ಹಲವಕ್ಕೆ ಹೇಗೂ ಕಂಪನಿಯವರು ಬರುತ್ತಾರೆ. ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಿರಿ. ಅಷ್ಟು ದುಡ್ಡಿನ ಮೀಟರ್ ಹಾಕುವ ಗೋಡೆಯ ಹಿಂದೆ ಅರ್ತ್ ಇದೆಯೇ ಅಂತ ಒಮ್ಮೆ ಅಳೆದರೆ ಏನು ಗಂಟು ಹೋಗುತ್ತದೆ?

ಭಾಗ್ಯಜ್ಯೋತಿ, ಕುಟೀರಜ್ಯೋತಿ ಮನೆಗಳಿಗೆ ಸರ್ಕಾರವೇ ಆರ್‌ಸಿಸಿಬಿ ಹಾಕಿಸಿಕೊಡಲಿ. ಅಂಗಡಿಯಲ್ಲಿ ಒಂದಕ್ಕೆ ನಮಗೆ ಬಿದ್ದದ್ದು ಎರಡು ಸಾವಿರದ ಮೇಲೆ ಚಿಲ್ಲರೆ. ಸಾವಿರಗಟ್ಟಲೆ ಒಟ್ಟಿಗೆ ಕೊಳ್ಳುವವರಿಗೆ ಇನ್ನೂ ಕಡಿಮೆಗೆ ಸಿಗಬೇಕು. ಅರ್ತ್ ಇಲ್ಲದ ಮನೆಯಲ್ಲೂ ಅದು ಜೀವ ಉಳಿಸುತ್ತದೆ ಅಂತ ತಿಳಿದವರು ಹೇಳುತ್ತಾರೆ. ಬಡವರ ಮನೆಗೆ ಅಷ್ಟಾದರೂ ಬರಲಿ.

ಒಂದು ಭಯವನ್ನೂ ಹೇಳಿಬಿಡುತ್ತೇನೆ. ಈ ಪರೀಕ್ಷೆ ಇನ್ನೊಂದು ಮಾಮೂಲಿಗೆ ದಾರಿ ಆಗಬಾರದು. ಗಾಡಿಗಳ ಹೊಗೆ ಪರೀಕ್ಷೆ ಏನಾಗಿದೆ ಅಂತ ಎಲ್ಲರಿಗೂ ಗೊತ್ತು. ಪೈಪಿಗೆ ಕಡ್ಡಿ ಹಾಕಿದರೋ ಇಲ್ಲವೋ, ಕಾಗದ ಬಂತು, ಮುಗೀತು. ಮನೆ ಪರೀಕ್ಷೆಯೂ ಹಾಗೇ ಆದರೆ ಸುಮ್ನೆ ದಂಡ. ಹಾಳೆಯಲ್ಲಿ "ಸರಿ ಇದೆ" ಅಂತ ಟಿಕ್ ಹಾಕುವ ಬದಲು ಅಳತೆ ಬರೆಸಿ. ಅರ್ತ್ ಎಷ್ಟು ಓಮ್ ಬಂತು, ಮೆಗ್ಗರಿನಲ್ಲಿ 500 ವೋಲ್ಟ್ ಕೊಟ್ಟಾಗ ಇನ್ಸುಲೇಷನ್ ಎಷ್ಟು ತೋರಿಸಿತು, ಆರ್‌ಸಿಸಿಬಿ ಬಿತ್ತೇ ಇಲ್ಲವೇ. ಅಳತೆ ಮಾಡಿದ ಉಪಕರಣದ ಮುಖದ ಫೋಟೋ, ಪರೀಕ್ಷೆ ಮಾಡಿದವರ ಲೈಸೆನ್ಸ್ ನಂಬರ್ ಆರ್‌ಆರ್ ನಂಬರಿಗೆ ಸೇರಲಿ. ಪರೀಕ್ಷೆ ಆದ ತಾರೀಕು ಪ್ರತಿ ತಿಂಗಳ ಬಿಲ್ಲಿನಲ್ಲಿ ಒಂದು ಸಾಲಾಗಿ ಅಚ್ಚಾಗಲಿ. ಶುಲ್ಕ ಇಷ್ಟೇ ಅಂತ ಬೋರ್ಡ್ ಹಾಕಿ. ಸರ್ಕಾರಿ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದಿ ಪರ್ಮಿಟ್ ಪಡೆದ ಹುಡುಗ ಹುಡುಗಿಯರಿಗೆ ಇದು ಊರಲ್ಲೇ ಸಿಗುವ ಕೆಲಸ. ನಮ್ಮ ಮನೆಗೆ ಲೂಪ್ ಹಾಕಿದ ಹುಡುಗನಿಗೂ ಯಾರಾದರೂ ಸರಿಯಾಗಿ ಕಲಿಸಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಕೆಟ್ಟ ಹುಡುಗನಲ್ಲ, ಪಾಪ. ಆಮೇಲೆ ಮೇಷ್ಟ್ರು ಅವನನ್ನು ಕರೆಸಿ ಹೇಳಿಕೊಟ್ಟರು.

ಕೊನೆಯದು, ಬಾಡಿಗೆದಾರರ ದೂರು. ಶಾಕ್ ಹೊಡೀತಿದೆ ಅಂತ ಬಾಯಿಬಿಟ್ಟರೆ "ಇಷ್ಟ ಇಲ್ಲದಿದ್ರೆ ಖಾಲಿ ಮಾಡಿ" ಅನ್ನುವ ಓನರುಗಳಿದ್ದಾರೆ. ನನ್ನ ಮೂರನೇ ಮನೆಯಲ್ಲಿ ಆ ಮಾತು ಕೇಳಿದ್ದೇನೆ. 1912ಕ್ಕೆ ಫೋನ್ ಮಾಡಿದರೆ ಕರೆಂಟು ಹೋದದ್ದಕ್ಕೆ ಜನ ಬರುತ್ತಾರೆ. ಕರೆಂಟು ಗೋಡೆಗೆ ಬಂದಿದೆ ಅಂದರೂ ಬರುವಂತಾಗಲಿ. ಯಾರು ಫೋನ್ ಮಾಡಿದ್ದು ಅಂತ ಓನರಿಗೆ ಹೇಳದೆ, ಆ ಕಟ್ಟಡದ ಎಲ್ಲಾ ಮೀಟರುಗಳನ್ನೂ ನೋಡಿ ಹೋಗಲಿ.

ಅಂಕಲ್ಲಿನ ಮಗ ಊರಿಗೆ ವಾಪಸ್ ಬರುತ್ತಿದ್ದಾನೆ. ಬರುವ ಮೇ ತಿಂಗಳಿಗೆ ನಾವು ಮನೆ ಬಿಡಬೇಕು, ಏಳನೇ ಮನೆ ಹುಡುಕುತ್ತಿದ್ದೇವೆ. ಈಗ ನಾನು ಬ್ಯಾಗಿನಲ್ಲಿ ಮೂರು ದೀಪದ ಒಂದು ಸಾಕೆಟ್ ಟೆಸ್ಟರ್ ಇಟ್ಟುಕೊಂಡೇ ಹೋಗುತ್ತೇನೆ. ಮೊನ್ನೆ ಒಬ್ಬ ಓನರಮ್ಮ "ಮನೆ ನೋಡೋಕೆ ಬಂದ್ರಾ, ರೇಡ್ ಮಾಡೋಕೆ ಬಂದ್ರಾ?" ಅಂದರು. ಐದು ಮನೆ ನೋಡಿದೆ. ಎರಡರಲ್ಲಿ ಅರ್ತ್ ಇಲ್ಲ ಅಂತ ತೋರಿಸಿತು. ಮೂರರಲ್ಲಿ ಎಲ್ಲಾ ಸರಿ ಅಂತ ತೋರಿಸಿತು. ಆದರೆ ನ್ಯೂಟ್ರಲ್‌ನಿಂದ ಲೂಪ್ ಹಾಕಿದ್ದರೂ ಈ ಟೆಸ್ಟರ್ ಸರಿ ಅಂತಲೇ ತೋರಿಸುತ್ತದಂತೆ. ಅದನ್ನು ಕಂಡುಹಿಡಿಯಲು ಬೋರ್ಡ್ ಬಿಚ್ಚಬೇಕು. ಬಿಚ್ಚಲು ನನಗೆ ಯಾರೂ ಬಿಡುವುದಿಲ್ಲ. ನೀವು ಕಳಿಸಿದವರಿಗೆ ಬಿಡುತ್ತಾರೆ.

ಆ ಮೂರರಲ್ಲಿ ಒಂದಕ್ಕೆ ಈ ತಿಂಗಳ ಕೊನೆಯೊಳಗೆ ಅಡ್ವಾನ್ಸ್ ಕೊಡಬೇಕು. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬಾಡಿಗೆದಾರಳು

ಲಗತ್ತು: ನಮ್ಮ ಈಗಿನ ಮನೆಯ ಪರೀಕ್ಷೆಯ ಹಾಳೆಯ ಪ್ರತಿ, ಟೈಲ್ಸ್ ಒಡೆದು ತೆಗೆದ ಅರ್ತ್ ಪಟ್ಟಿಯ ಎರಡು ಫೋಟೋ, ಹಸಿರು ವೈರು (4 ಇಂಚು).